ಪುಷ್ಪಚಕ್ರ ಇಟ್ಟಾದ ಮೇಲೆ

1965ರ ಭಾರತ-ಪಾಕಿಸ್ತಾನ ಯುದ್ಧಕ್ಕೆ ಐವತ್ತು ವರ್ಷ ತುಂಬಿದ್ದು 2015ರಲ್ಲಿ. ಕೇಂದ್ರ ಸರ್ಕಾರ ಅದನ್ನು ಅದ್ದೂರಿಯಾಗಿಯೇ ಆಚರಿಸಿತು. ಆಗಸ್ಟ್ ಕೊನೆಗೆ ಅಮರ್ ಜವಾನ್ ಜ್ಯೋತಿಯ ಮುಂದೆ ಪುಷ್ಪಚಕ್ರ, ಸೆಪ್ಟೆಂಬರಿನಲ್ಲಿ ರಾಜಪಥದ ಹುಲ್ಲುಹಾಸಿನ ಮೇಲೆ ‘ಶೌರ್ಯಾಂಜಲಿ’ ಪ್ರದರ್ಶನ. ಅದೇ ಹೊತ್ತಿನಲ್ಲಿ, ನಡೆದೇ ಹೋಗಬಹುದಾದಷ್ಟು ದೂರದ ಜಂತರ್ ಮಂತರಿನಲ್ಲಿ, ಮಾಜಿ ಸೈನಿಕರು ಜೂನ್ ತಿಂಗಳಿನಿಂದ ಧರಣಿ ಕೂತಿದ್ದರು. ಸಮಾನ ಶ್ರೇಣಿಗೆ ಸಮಾನ ಪಿಂಚಣಿ ಕೊಡಿ ಎಂಬುದು ಅವರ ಬೇಡಿಕೆ. ಸ್ವಾತಂತ್ರ್ಯ ದಿನದ ಮುನ್ನಾದಿನ ಪೊಲೀಸರು ಅವರನ್ನು ಎಬ್ಬಿಸಲು ಹೋದರು. ಎದೆಯ ತುಂಬ ಪದಕ ತೊಟ್ಟ ಮುದುಕರನ್ನು ಎಳೆದಾಡಿದ್ದನ್ನು ದೇಶ ಟಿವಿಯಲ್ಲಿ ನೋಡಿತು. ಸುವರ್ಣ ಮಹೋತ್ಸವಕ್ಕೆ ನಾವು ಬರುವುದಿಲ್ಲ ಎಂದು ಧರಣಿಯಲ್ಲಿದ್ದವರು ಹೇಳಿಬಿಟ್ಟರು.

ಪಿಂಚಣಿ ಲೆಕ್ಕದ ಸರಿತಪ್ಪು ಬೇರೆ ಚರ್ಚೆ. ನನ್ನನ್ನು ಕಾಡುವುದು ಆ ಎರಡು ಜಾಗಗಳ ನಡುವಿನ ಅಂತರ. ಒಂದು ಕಡೆ ಯುದ್ಧದ ನೆನಪಿಗೆ ಸಮಾರಂಭ, ಇನ್ನೊಂದು ಕಡೆ ಆ ನೆನಪನ್ನು ಮೈಯಲ್ಲಿ ಹೊತ್ತವರು. ಸಮಾರಂಭ ನಡೆಸಲು ಅವರು ಬೇಕೇಬೇಕು ಎಂದೇನೂ ಇರಲಿಲ್ಲ. ನಮ್ಮ ದೇಶದ ಯುದ್ಧಸ್ಮರಣೆಯ ಕಥೆಯನ್ನು ಉದ್ದಕ್ಕೂ ನೋಡುತ್ತಾ ಹೋದರೆ ಈ ಅಂತರ ಬೇರೆ ಬೇರೆ ವೇಷದಲ್ಲಿ ಎದುರಾಗುತ್ತಲೇ ಇರುತ್ತದೆ.

ಪಂಚಾಂಗವನ್ನೇ ತೆಗೆದುಕೊಳ್ಳಿ. ಜನವರಿ 15 ಸೇನಾ ದಿನ. 1949ರಲ್ಲಿ ಅದೇ ದಿನ ಕೊಡಗಿನ ಕೆ.ಎಂ. ಕಾರ್ಯಪ್ಪ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಜುಲೈ 26 ಕಾರ್ಗಿಲ್ ವಿಜಯ ದಿವಸ, ಡಿಸೆಂಬರ್ 16 ಬಾಂಗ್ಲಾ ಯುದ್ಧದ ವಿಜಯ ದಿವಸ. ರೆಜಿಮೆಂಟುಗಳಿಗೆ ತಮ್ಮದೇ ತಿಥಿಗಳುಂಟು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯವರು ಫೆಬ್ರುವರಿ 4ನ್ನು ಆಚರಿಸುವುದು 1670ರಲ್ಲಿ ತಾನಾಜಿ ಸಿಂಹಗಡ ಗೆದ್ದ ನೆನಪಿಗೆ. ಈ ಪಟ್ಟಿಯಲ್ಲಿ ಗೆಲುವುಗಳೇ ತುಂಬಿವೆ. ಸೋತ ಯುದ್ಧಕ್ಕೆ, ಸೋಲೋ ಗೆಲುವೋ ಎಂದು ತೀರ್ಮಾನವಾಗದ ಯುದ್ಧಕ್ಕೆ ದೊಡ್ಡ ಆಚರಣೆಯ ದಿನವಿಲ್ಲ. 1962ನ್ನು ನೆನೆಯುವುದು ಆಯಾ ಪಲ್ಟನ್ನಿನವರು, ಆಯಾ ಊರಿನವರು. ಶ್ರೀಲಂಕಾಕ್ಕೆ 1987ರಿಂದ 1990ರವರೆಗೆ ಹೋದ ಶಾಂತಿಪಾಲನಾ ಪಡೆಯ ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿ ಸತ್ತರು. ಅವರಿಗಾಗಿ ಕೊಲಂಬೊ ಹತ್ತಿರ ಶ್ರೀಲಂಕಾದವರು ಸ್ಮಾರಕ ಕಟ್ಟಿಸಿದ ಎಷ್ಟೋ ವರ್ಷಗಳ ನಂತರ ದೆಹಲಿಯಲ್ಲಿ ಅವರ ಹೆಸರಿಗೆ ಜಾಗ ಸಿಕ್ಕಿತು. ದೆಹಲಿಗಿಂತ ಮೊದಲೇ ಸತ್ತವರ ಹೆಸರನ್ನು ಕಲ್ಲಿಗೆ ಇಳಿಸಿದ್ದು ಪರದೇಶ!

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾದದ್ದು 2019ರ ಫೆಬ್ರುವರಿ 25ರಂದು, ಸ್ವಾತಂತ್ರ್ಯ ಬಂದು ಎಪ್ಪತ್ತೊಂದು ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ನಾವು ತಲೆಬಾಗುತ್ತಿದ್ದುದು ಬ್ರಿಟಿಷರು ತಮ್ಮ ಸಾಮ್ರಾಜ್ಯಕ್ಕಾಗಿ ಸತ್ತವರ ಹೆಸರು ಕೆತ್ತಿಸಿದ ಇಂಡಿಯಾ ಗೇಟಿನಡಿ, 1972ರ ಜನವರಿ 26ರಂದು ಹಚ್ಚಿದ ಜ್ಯೋತಿಗೆ. ಹೊಸ ಸ್ಮಾರಕದಲ್ಲಿ 25 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. 2022ರ ಜನವರಿಯಲ್ಲಿ ಹಳೆಯ ಜ್ಯೋತಿಯನ್ನು ಒಯ್ದು ಹೊಸದರಲ್ಲಿ ಸೇರಿಸಿದಾಗ ಮಾಜಿ ಸೈನಿಕರಲ್ಲೇ ಎರಡು ಪಂಗಡವಾಯಿತು. ಹೆಸರು ಇರುವ ಕಡೆ ಜ್ಯೋತಿಯೂ ಇರಲಿ ಎಂದರು ಕೆಲವರು, ಐವತ್ತು ವರ್ಷ ನಮಸ್ಕರಿಸಿದ ಜಾಗವನ್ನು ಆರಿಸಬೇಡಿ ಎಂದರು ಇನ್ನು ಕೆಲವರು. ಎರಡನೆಯವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಹೆಸರಿರುವ ಗೋಡೆಯ ಪಕ್ಷವೇ ನನ್ನದು. ಸತ್ತವನ ಹೆಸರು, ಪಲ್ಟನ್ನು ಓದಲು ಸಿಗುವುದು ದೊಡ್ಡ ವಿಷಯ.

ಈ ವಿಚಾರದಲ್ಲಿ ಕನ್ನಡ ನಾಡಿಗೆ ಹಳೆಯ ಪರಿಣತಿಯಿದೆ. ಊರ ಹೊರಗೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತ ವೀರಗಲ್ಲುಗಳಿಗೆ ಲೆಕ್ಕವಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಸನ್ನಿಧಿ. ಇವುಗಳಲ್ಲಿ ನನಗೆ ಅತಿ ಬೆರಗು ಹುಟ್ಟಿಸುವುದು ಮದ್ದೂರು ಸೀಮೆಯ ಆತಕೂರಿನ ಕಲ್ಲು. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಸೇರಿ ಚೋಳ ರಾಜಾದಿತ್ಯನನ್ನು ಕೊಂದ ತಕ್ಕೋಲದ ಕಾಳಗ ಅದರಲ್ಲಿ ಬರುತ್ತದೆ. ಕಾಲ 949-50ರ ಸುಮಾರು. ದಕ್ಷಿಣ ಭಾರತದ ಇತಿಹಾಸದ ದಿಕ್ಕನ್ನೇ ಬದಲಿಸಿದ ಯುದ್ಧ ಅದು. ಆದರೆ ಕಲ್ಲು ನಿಂತಿರುವುದು ಒಂದು ನಾಯಿಗೆ! ಯುದ್ಧದಲ್ಲಿ ಮೆರೆದ ಮಣಲೆರನಿಗೆ ಬೂತುಗ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಂದರ ಮೇಲೆ ಬಿದ್ದು ಎರಡೂ ಸತ್ತವು. ಕಲ್ಲು ನೆಟ್ಟು, ಅದಕ್ಕೆ ಭೂಮಿ ಬಿಟ್ಟರು. ಶಾಸನ ಅಲ್ಲಿಗೇ ನಿಲ್ಲುವುದಿಲ್ಲ. ಆ ಭೂಮಿ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂದೂ ಕೆತ್ತಿದ್ದಾರೆ. ಸ್ಮಾರಕ ಕಟ್ಟುವವರು ಮರೆಯುವ ಪ್ರಶ್ನೆಯೊಂದಿದೆ: ನಾಳೆಯಿಂದ ಇದನ್ನು ನೋಡಿಕೊಳ್ಳುವವರು ಯಾರು, ಅವರ ಹೊಟ್ಟೆಪಾಡೇನು? ಹತ್ತನೇ ಶತಮಾನದವರು ಇದಕ್ಕೆ ಉತ್ತರ ಬರೆದಿಟ್ಟರು. ಸತ್ತ ವೀರನ ಮನೆಯವರಿಗೆ ಕೊಡುತ್ತಿದ್ದ ನೆತ್ತರುಗೊಡಗೆಯೂ ಇದೇ ವಿವೇಕದ ಇನ್ನೊಂದು ಮುಖ. ಜಂತರ್ ಮಂತರಿನ ಧರಣಿಯನ್ನು ಆ ಕಾಲದ ಶಾಸನಕಾರ ನೋಡಿದ್ದರೆ ತಬ್ಬಿಬ್ಬಾಗುತ್ತಿದ್ದನೇನೋ.

ಹತ್ತಿರದ ಕಾಲದ ಸ್ಮಾರಕಗಳ ಪಾಡು ಅಷ್ಟು ಚೆನ್ನಾಗಿಲ್ಲ. 1971ರಲ್ಲಿ ಬಂಗಾಳ ಕೊಲ್ಲಿಯಲ್ಲಿ ಕೆಲಸ ಮಾಡಿದ ವಿಮಾನವಾಹಕ ನೌಕೆ ‘ವಿಕ್ರಾಂತ್’ ಮುಂಬೈಯಲ್ಲಿ ಕೆಲವು ಕಾಲ ತೇಲುವ ವಸ್ತುಸಂಗ್ರಹಾಲಯವಾಗಿತ್ತು. ಖರ್ಚು ನಿಭಾಯಿಸಲಾಗದೆ ಹರಾಜಾಗಿ 2014ರಲ್ಲಿ ಗುಜರಿಗೆ ಹೋಯಿತು, ಅದರ ಲೋಹವನ್ನು ಬಳಸಿ ಬಜಾಜ್ ಕಂಪನಿ ಬೈಕು ಮಾಡಿ ಮಾರಿತು. ನೆನಪು ರಸ್ತೆಯ ಮೇಲೆ ಓಡಾಡಿದ್ದು ಹೀಗೆ. ಕಾರವಾರದ ಕಡಲತೀರದಲ್ಲಿ ಇಟ್ಟಿರುವ ಕ್ಷಿಪಣಿ ನೌಕೆ ‘ಚಪಲ್’ ಗಾತ್ರದಲ್ಲಿ ಚಿಕ್ಕದು, ಉಳಿದುಕೊಂಡಿದೆ.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಮೊದಲನೇ ಮಹಾಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ ಹೋಗಿ ತೀರಿಕೊಂಡ ನಮ್ಮ ಸವಾರರ ನೆನಪಿನ ಕಂಬ. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರಿನ ಕುದುರೆ ಸವಾರರು ಈಟಿ ಹಿಡಿದು ಮೆಷಿನ್ ಗನ್ನುಗಳ ಎದುರು ನುಗ್ಗಿ ಹೈಫಾ ಪಟ್ಟಣ ಹಿಡಿದರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನವರದ್ದು. ಇಷ್ಟಿದ್ದೂ ಬಹುಕಾಲ ಹೈಫಾ ಎಂದರೆ ಬೆಂಗಳೂರಿನಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಅದು ಮತ್ತೆ ಸುದ್ದಿಯಾದದ್ದು ಇಸ್ರೇಲ್ ಜೊತೆ ಸ್ನೇಹ ಬಿಗಿಯಾದ ಮೇಲೆ. 2018ರ ಜನವರಿಯಲ್ಲಿ ಇಸ್ರೇಲ್ ಪ್ರಧಾನಿ ಬಂದಾಗ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ್ ಎಂಬ ಹೆಸರಾಯಿತು. ರಾಜತಾಂತ್ರಿಕ ಲಾಭಕ್ಕೆ ನೆನಪನ್ನು ಎಬ್ಬಿಸಿದರು ಎಂದು ಗೊಣಗಬಹುದು, ಎಬ್ಬಿಸಿದರಲ್ಲ ಎಂದು ಸಮಾಧಾನವನ್ನೂ ಪಡಬಹುದು. ನನಗೆ ಎರಡೂ ಆಗುತ್ತದೆ. ಅದೇ ಯುದ್ಧಕ್ಕೆ ಕೂಲಿಗಳಾಗಿ, ಹೇಸರಗತ್ತೆ ಹೊಡೆಯುವವರಾಗಿ, ಅಡುಗೆಯವರಾಗಿ, ದೋಬಿಗಳಾಗಿ ಐದು ಲಕ್ಷಕ್ಕೂ ಹೆಚ್ಚು ಭಾರತೀಯರು ಹೋದರು. ಇವರಿಗೆ ಈಟಿಯಿಲ್ಲ, ಪ್ರತಿಮೆಯಿಲ್ಲ, ಯಾವ ಪ್ರಧಾನಿಯ ಭೇಟಿಯೂ ಇವರನ್ನು ಎಬ್ಬಿಸುವ ಹಾಗೆ ಕಾಣುವುದಿಲ್ಲ.

ಕಲ್ಲು, ಕಂಬ, ವೃತ್ತಗಳ ಮಾತು ಸಾಕು. ಯೋಧನ ಬಾಯಲ್ಲಿರುವ ನೆನಪಿನ ಬೆಲೆ ತಿಳಿಯಬೇಕಾದರೆ ಅಜ್ಜಮಾಡ ಬೋಪಯ್ಯ ದೇವಯ್ಯನವರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಸ್ಕ್ವಾಡ್ರನ್ ಲೀಡರ್ ದೇವಯ್ಯ ಕೊಡಗಿನವರು, 1932ರಲ್ಲಿ ಹುಟ್ಟಿದವರು. ಪೈಲಟ್‌ಗಳಿಗೆ ಹಾರಾಟ ಕಲಿಸುವ ಕೆಲಸದಲ್ಲಿದ್ದರು, 1965ರ ಯುದ್ಧ ಬಂದಾಗ ಆದಂಪುರದ ಒಂದನೇ ಸ್ಕ್ವಾಡ್ರನ್ನಿಗೆ ಬಂದರು. ಸೆಪ್ಟೆಂಬರ್ 7ರ ನಸುಕಿನಲ್ಲಿ ಆ ತಂಡದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರದ್ದು ಬದಲಿಗೆಂದು ಇಟ್ಟಿದ್ದ ವಿಮಾನ. ಹೊರಟವುಗಳಲ್ಲಿ ಒಂದು ಹಿಂದುಳಿದದ್ದರಿಂದ ಇವರು ಸೇರಿಕೊಂಡರು. ದಾಳಿ ಮುಗಿಸಿ ಉಳಿದವರು ಮರಳಿದರು, ದೇವಯ್ಯ ಮರಳಲಿಲ್ಲ. ಏನಾಯಿತೆಂದು ಕಂಡವರು ನಮ್ಮ ಕಡೆ ಒಬ್ಬರೂ ಇರಲಿಲ್ಲ. ಕಡತದಲ್ಲಿ ಅವರು ಕಾಣೆಯಾದವರು.

ಹದಿನಾಲ್ಕು ವರ್ಷಗಳ ಮೇಲೆ, 1979ರಲ್ಲಿ, ಬ್ರಿಟಿಷ್ ಬರಹಗಾರ ಜಾನ್ ಫ್ರಿಕರ್ ಆ ಯುದ್ಧದ ವಾಯುಕಾಳಗಗಳ ಬಗ್ಗೆ ಪುಸ್ತಕ ತಂದರು. ಪಾಕಿಸ್ತಾನದ ವಾಯುಪಡೆಯ ಸಹಕಾರದಿಂದ ಬರೆದದ್ದು, ಒಲವೂ ಆ ಕಡೆಗೇ. ಸರ್ಗೋಧಾದ ಆ ಬೆಳಗಿನ ವಿವರ ಅದರಲ್ಲಿತ್ತು. ಧ್ವನಿಯ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಎಫ್-104 ಸ್ಟಾರ್‌ಫೈಟರ್ ಒಂದು, ಅದಕ್ಕಿಂತ ಎಷ್ಟೋ ನಿಧಾನದ ಮಿಸ್ಟೇರ್ ಒಂದನ್ನು ಅಟ್ಟಿಸಿಕೊಂಡು ಬಂದು ಗುಂಡು ಹೊಡೆಯಿತು. ಪೆಟ್ಟು ತಿಂದ ಮಿಸ್ಟೇರ್ ಓಡಿಹೋಗದೆ ತಿರುಗಿಬಿದ್ದು ಸ್ಟಾರ್‌ಫೈಟರನ್ನೇ ಹೊಡೆದುರುಳಿಸಿತು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡರು. ಆ ಮಿಸ್ಟೇರ್ ಯಾರದ್ದೆಂದು ಲೆಕ್ಕ ಹಾಕಿದರೆ ಉತ್ತರ ಒಂದೇ. ಅಂದಿನ ದಾಳಿಯ ಮುಂದಾಳು ಓ.ಪಿ. ತನೇಜಾ ಅದನ್ನು ಹಿಡಿದುಕೊಂಡು ಸರ್ಕಾರಕ್ಕೆ ಬರೆದರು. 1988ರಲ್ಲಿ, ಇಪ್ಪತ್ತಮೂರು ವರ್ಷಗಳ ನಂತರ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಅವರ ಪತ್ನಿ ಅದನ್ನು ಪಡೆದರು.

ಇದರಲ್ಲಿ ಸರಪಳಿ ಎಷ್ಟು ತೆಳುವಾದದ್ದೆಂದು ನೋಡಿ. ಎದುರಾಳಿ ಪೈಲಟ್ ಸತ್ತಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಬದುಕಿದವನನ್ನು ಯಾರೋ ಕೂರಿಸಿ ಕೇಳದಿದ್ದರೂ ಅಷ್ಟೇ. ಪುಸ್ತಕ ಬಂದ ಮೇಲೆ ಅದನ್ನು ಓದಿ, ಇದು ನಮ್ಮ ದೇವಯ್ಯನೇ ಎಂದು ಹಟ ಹಿಡಿಯುವ ಹಳೆಯ ಜೊತೆಗಾರನಿಲ್ಲದಿದ್ದರೆ ಇಂದು ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಾಗಲಿ ಪ್ರತಿಮೆಯಾಗಲಿ ಇರುತ್ತಿರಲಿಲ್ಲ. ಒಬ್ಬ ವೀರನ ಕೀರ್ತಿ ಶತ್ರುವಿನ ನೆನಪು, ಪರದೇಶದವನ ಪುಸ್ತಕ, ಗೆಳೆಯನ ಛಲ ಈ ಮೂರರ ಮೇಲೆ ನಿಂತಿತ್ತು. ನಮ್ಮ ಯಾವ ವಾರ್ಷಿಕೋತ್ಸವಕ್ಕೂ ಇದರಲ್ಲಿ ಪಾತ್ರವಿಲ್ಲ. 2025ರ ಜನವರಿಯಲ್ಲಿ ಇದೇ ಕಥೆಯನ್ನು ಆಧರಿಸಿ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರ ಬಂದಾಗ ನಾಯಕನ ಹೆಸರು ಬದಲಾಗಿತ್ತು, ಊರೂ ಬದಲಾಗಿತ್ತು. ನಮ್ಮ ದೇವಯ್ಯನನ್ನು ಕೊಡಗಿನವನಲ್ಲದಂತೆ ಮಾಡಿದ್ದಾರೆ ಎಂದು ಕೊಡವರು ಸಿಟ್ಟಾದರು. ಕನ್ನಡದಲ್ಲಿ ನಮಗೆ ‘ಮುತ್ತಿನ ಹಾರ’ ಚಿತ್ರವಿದೆ. ಅದರ ನಾಯಕ ಅಚ್ಚಪ್ಪ ಕಲ್ಪಿತನಾದರೂ ಕೊಡಗಿನವನಾಗಿಯೇ ಉಳಿದಿದ್ದಾನೆ.

ಯೋಧ ಬದುಕಿ ಬಂದು ಹೇಳಿದರೂ ಕೇಳುವವರಿಲ್ಲದ ಉದಾಹರಣೆ ರೆಜಾಂಗ್ ಲಾ. 1962ರ ನವೆಂಬರ್ 18ರಂದು ಲಡಾಖಿನ ಆ ಕಣಿವೆಯಲ್ಲಿ 13 ಕುಮಾವೂನಿನ ಒಂದು ಕಂಪನಿ ಮೇಜರ್ ಶೈತಾನ್ ಸಿಂಗ್ ಮುಂದಾಳ್ತನದಲ್ಲಿ ಕೊನೆಯವರೆಗೂ ಕಾದಿತು. ನೂರಕ್ಕೂ ಹೆಚ್ಚು ಮಂದಿ ಸತ್ತರು, ಬೆರಳೆಣಿಕೆಯವರು ಉಳಿದರು. ಉಳಿದವರು ಬಂದು ಹೇಳಿದ್ದನ್ನು ಮೊದಮೊದಲು ನಂಬಿದವರು ಕಡಿಮೆ. 1963ರ ಆರಂಭದಲ್ಲಿ ಕುರಿಗಾಹಿಯೊಬ್ಬ ಅತ್ತ ಹೋದಾಗ ಹೆಣಗಳು ಬಂದೂಕು ಹಿಡಿದ ಭಂಗಿಯಲ್ಲೇ ಹೆಪ್ಪುಗಟ್ಟಿ ಸಿಕ್ಕವು. ಆಮೇಲೆ ನಂಬಿದರು. ಬದುಕಿದವರ ಮಾತಿಗೆ ಸತ್ತವರು ಸಾಕ್ಷಿ ನುಡಿಯಬೇಕಾಯಿತು.

ಕಡತಗಳು ತೆರೆದಿದ್ದರೆ ಯೋಧರ ನೆನಪಿನ ಮೇಲೆ ಇಷ್ಟು ಭಾರ ಬೀಳುತ್ತಿರಲಿಲ್ಲ. 1962ರ ಸೋಲಿನ ಬಗ್ಗೆ ಹೆಂಡರ್ಸನ್ ಬ್ರೂಕ್ಸ್ ವರದಿ ಮಾರನೇ ವರ್ಷವೇ ಸಿದ್ಧವಾಯಿತು, ಇಂದಿಗೂ ಗೋಪ್ಯ. ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ 2014ರಲ್ಲಿ ಅದರ ಒಂದು ಭಾಗವನ್ನು ಹೊರಗೆ ಹಾಕಿದ ಮೇಲೂ ಸರ್ಕಾರ ಬಾಯಿ ಬಿಡಲಿಲ್ಲ. 1971ರ ಅಧಿಕೃತ ಇತಿಹಾಸ ಜನರಿಗೆ ಸಿಕ್ಕಿದ್ದು 2000ದಲ್ಲಿ, ಪತ್ರಿಕೆಯೊಂದಕ್ಕೆ ಸೋರಿಕೆಯಾಗಿ. 2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಹೊಸ ನೀತಿ ಪ್ರಕಟಿಸಿತು. ಯುದ್ಧ ಮುಗಿದ ಎರಡು ವರ್ಷದೊಳಗೆ ಸಮಿತಿ, ಐದು ವರ್ಷದೊಳಗೆ ಇತಿಹಾಸ, ಇಪ್ಪತ್ತೈದು ವರ್ಷಕ್ಕೆ ಸಾಮಾನ್ಯವಾಗಿ ಕಡತ ಮುಕ್ತ. ಓದಲು ಸೊಗಸಾಗಿದೆ. ಈ ಲೆಕ್ಕದಲ್ಲಿ ಕಾರ್ಗಿಲ್‌ನ ಗಡುವು 2024ಕ್ಕೇ ಬಂದಿತು. ಇತ್ತ ಮಾಜಿ ಸೇನಾ ಮುಖ್ಯಸ್ಥ ಎಂ.ಎಂ. ನರವಣೆಯವರ ಆತ್ಮಕಥೆ 2024ರ ಆರಂಭದಲ್ಲಿ ಬರಬೇಕಿದ್ದದ್ದು ಅನುಮತಿಗೆ ಕಾದು ನಿಂತುಬಿಟ್ಟಿತು. ದಂಡನಾಯಕರ ಪಾಡೇ ಹೀಗಾದರೆ ಹವಾಲ್ದಾರನ ನೆನಪನ್ನು ಯಾರು ಅಚ್ಚು ಹಾಕುತ್ತಾರೆ?

ಹವಾಲ್ದಾರನ ದನಿ ಉಳಿದದ್ದೂ ಉಂಟು, ವಿಚಿತ್ರ ದಾರಿಯಲ್ಲಿ. ಮೊದಲನೇ ಮಹಾಯುದ್ಧದಲ್ಲಿ ಜರ್ಮನಿಯ ಕೈಗೆ ಸಿಕ್ಕ ಭಾರತೀಯ ಸೈನಿಕರನ್ನು ಬರ್ಲಿನ್ ಹತ್ತಿರದ ವ್ಯೂನ್ಸ್‌ಡಾರ್ಫ್ ಶಿಬಿರದಲ್ಲಿ ಇಟ್ಟಿದ್ದರು. ಭಾಷೆಗಳ ಮಾದರಿ ಬೇಕೆಂದು ಜರ್ಮನ್ ವಿದ್ವಾಂಸರು ಕೈದಿಗಳ ಮಾತನ್ನು ಗ್ರಾಮಫೋನ್ ತಟ್ಟೆಗೆ ಇಳಿಸಿಕೊಂಡರು. 1916ರ ಡಿಸೆಂಬರ್ 11ರಂದು ಮಲ್ ಸಿಂಗ್ ಎಂಬ ಪಂಜಾಬಿ ಸಿಪಾಯಿ ತನ್ನ ಕಥೆಯನ್ನು ಮೂರನೆಯವನ ಕಥೆಯೆಂಬಂತೆ ಹೇಳಿದ. ಊರಲ್ಲಿ ಬೆಣ್ಣೆ ತಿಂದುಕೊಂಡಿದ್ದವನು ಈ ಯುದ್ಧಕ್ಕೆ ಬಂದು ಸೆರೆಯಾದ, ಊರಿಗೆ ಹೋದರೆ ಮತ್ತೆ ಅದನ್ನು ತಿಂದಾನು ಎಂಬ ಹಂಬಲ ಅದರಲ್ಲಿದೆ. ಧ್ವನಿಶಾಸ್ತ್ರಕ್ಕೆಂದು ಹಿಡಿದದ್ದು ನೂರು ವರ್ಷದ ಮೇಲೆ ಯುದ್ಧದ ಸಾಕ್ಷ್ಯವಾಗಿ ಕುಳಿತಿದೆ. ಭಾರತೀಯ ಸಿಪಾಯಿಗಳ ಪತ್ರಗಳ ಅನುವಾದಗಳು ಲಂಡನ್ನಿನಲ್ಲಿ ಉಳಿದದ್ದೂ ಬ್ರಿಟಿಷರು ಅನುಮಾನದಿಂದ ಅವನ್ನು ಒಡೆದು ಓದುತ್ತಿದ್ದುದರಿಂದ. ನಮ್ಮವರ ನೆನಪನ್ನು ಕಾಪಾಡಿದ್ದು ಒಬ್ಬರ ಕುತೂಹಲ, ಇನ್ನೊಬ್ಬರ ಗುಮಾನಿ. ಬ್ರಿಟಿಷರ ಮೇಲೆ ಬಂಡೆದ್ದ ಹಲಗಲಿ ಬೇಡರ ಲಾವಣಿಯನ್ನೂ ಬರೆದಿಟ್ಟುಕೊಂಡವರು ಬ್ರಿಟಿಷ್ ಅಧಿಕಾರಿ ಫ್ಲೀಟ್ ಅಲ್ಲವೇ.

ಬೇರೆ ದೇಶಗಳು ಯೋಧರ ನೆನಪು ಕಾಪಾಡುವ ಈ ಕೆಲಸವನ್ನು ಬೇಕೆಂದೇ ಮಾಡತೊಡಗಿ ಬಹಳ ಕಾಲವಾಯಿತು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ 1972ರಲ್ಲೇ ಧ್ವನಿ ಸಂಗ್ರಹ ಶುರುಮಾಡಿತು. ಅಮೆರಿಕ 2000ದಲ್ಲಿ ಕಾನೂನನ್ನೇ ಮಾಡಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಮಾಜಿ ಸೈನಿಕರ ಚರಿತ್ರೆಯ ಯೋಜನೆ ಆರಂಭಿಸಿತು. ಸಾಮಾನ್ಯ ಜನರೇ, ಮನೆಯ ಮೊಮ್ಮಕ್ಕಳೇ ಕನಿಷ್ಠ ಅರ್ಧ ಗಂಟೆ ಮಾತು ದಾಖಲಿಸಿ ಕಳಿಸಬಹುದು. ಹೀಗೆ ಲಕ್ಷಕ್ಕೂ ಹೆಚ್ಚು ಮಂದಿಯ ನೆನಪು ಸೇರಿದೆ. ಸ್ವೆತ್ಲಾನಾ ಅಲೆಕ್ಸಿಯೆವಿಚ್ ಯುದ್ಧಕ್ಕೆ ಹೋದ ಸೋವಿಯತ್ ಹೆಂಗಸರನ್ನು ವರ್ಷಗಟ್ಟಲೆ ಹುಡುಕಿ ಮಾತಾಡಿಸಿ 1985ರಲ್ಲಿ ತಂದ ಪುಸ್ತಕ ನೊಬೆಲ್‌ವರೆಗೂ ದಾರಿ ಮಾಡಿತು. ಮೊದಲನೇ ಮಹಾಯುದ್ಧದ ಕಂದಕಗಳಲ್ಲಿ ಹೋರಾಡಿದ ಕೊನೆಯ ಬ್ರಿಟಿಷ್ ಸೈನಿಕ ಹ್ಯಾರಿ ಪ್ಯಾಚ್ ನೂರು ವರ್ಷ ತುಂಬುವವರೆಗೂ ಯುದ್ಧದ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಬಿಚ್ಚಿದ ಮೇಲೆ ಸ್ಮರಣ ದಿನದ ಮೆರವಣಿಗೆಗಳೆಲ್ಲ ತೋರಿಕೆಯ ಆಟ ಎಂಬ ಅರ್ಥದ ಮಾತಾಡಿದರು! 2009ರಲ್ಲಿ, 111ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರಿಗೂ ಪುಷ್ಪಚಕ್ರಗಳು ಬಂದವು.

ನಮ್ಮಲ್ಲಿ ಏನೂ ನಡೆದಿಲ್ಲ ಎಂದರೆ ತಪ್ಪಾಗುತ್ತದೆ. ದೆಹಲಿಯ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ ಮಹಾಯುದ್ಧದ ಶತಮಾನದ ಹೊತ್ತಿಗೆ ಒಳ್ಳೆಯ ಕೆಲಸ ಮಾಡಿತು. ರಘು ಕಾರ್ನಾಡ್ ತಮ್ಮ ಅಜ್ಜಿಯ ಮನೆಯ ಹಳೆಯ ಫೋಟೋಗಳ ಬೆನ್ನುಹತ್ತಿ, ಎರಡನೇ ಮಹಾಯುದ್ಧದಲ್ಲಿ ಸತ್ತ ಮನೆಯ ಮೂವರು ಯುವಕರ ಕಥೆಯನ್ನು 2015ರಲ್ಲಿ ‘ಫಾರ್ದೆಸ್ಟ್ ಫೀಲ್ಡ್’ ಎಂದು ಬರೆದರು. ಮೂವರಲ್ಲಿ ಒಬ್ಬರು ಕೊಡವರು. ಆ ಯುದ್ಧಕ್ಕೆ 25 ಲಕ್ಷ ಭಾರತೀಯರು ಸೇರಿದ್ದರೂ ಸ್ವತಂತ್ರ ಭಾರತಕ್ಕೆ ಅವರನ್ನು ಎಲ್ಲಿ ಕೂರಿಸಬೇಕೆಂದು ತಿಳಿಯಲಿಲ್ಲ. ಬ್ರಿಟಿಷರ ಪರ ಹೋರಾಡಿದವರೆಂದು ಮೌನವಾಗಿ ಬದಿಗಿಟ್ಟಿತು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿದ ‘ಸನ್ನಿಸೈಡ್’ ಮನೆ ಬಹುಕಾಲ ಸಾರಿಗೆ ಕಚೇರಿಯಾಗಿದ್ದು, 2021ರ ಫೆಬ್ರುವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಊರ ಸುತ್ತಲಿನ ಶಾಸನ, ವೀರಗಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುತ್ತಿದ್ದಾರೆ. ಸಾವಿರ ವರ್ಷದ ಹಿಂದೆ ಸತ್ತವನ ಕಲ್ಲಿಗೆ ಇಷ್ಟು ಕಾಳಜಿ ಬಂದಿರುವುದು ಸಂತೋಷವೇ. ಇನ್ನೂ ಬದುಕಿರುವವರ ಮಾತಿಗೆ, ಅದರಲ್ಲೂ ಕನ್ನಡದಲ್ಲಿ ಆಡುವ ಮಾತಿಗೆ, ಅಂಥ ವ್ಯವಸ್ಥೆ ನಮ್ಮಲ್ಲಿ ಕಾಣುತ್ತಿಲ್ಲ.

ಭಾಷೆಯ ವಿಷಯ ಸಣ್ಣದಲ್ಲ. ಸೇನೆಯ ವ್ಯವಹಾರ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ನಿವೃತ್ತ ಜನರಲ್ಲುಗಳ ಪುಸ್ತಕ ಇಂಗ್ಲಿಷಿನಲ್ಲಿ. ಧಾರವಾಡ, ಬೆಳಗಾವಿ ಕಡೆಯ ಹಳ್ಳಿಯಿಂದ ಹೋಗಿ ಇಪ್ಪತ್ತು ವರ್ಷ ಸಿಪಾಯಿಯಾಗಿ, ನಾಯಕ್ ಆಗಿ ದುಡಿದು ಬಂದವನು ಮಾತಾಡುವುದು ತನ್ನ ಊರಿನ ಕನ್ನಡದಲ್ಲಿ, ಅದೂ ಕಟ್ಟೆಯ ಮೇಲೆ. ಶಾಲೆಯ ಆಗಸ್ಟ್ 15ರ ವೇದಿಕೆಗೆ ಕರೆದು ಶಾಲು ಹೊದಿಸಿ ‘ಎರಡು ಮಾತು’ ಆಡಿಸಿದರೆ ಅವನು ಆಡುವುದು ಭಾಷಣ. ತಿಂಗಳ ರಜೆ ಹೇಗೆ ರದ್ದಾಯಿತು, ಬಂಕರಿನಲ್ಲಿ ಅಕ್ಕಿ ಬೇಯದೆ ಏನು ಮಾಡಿದರು, ಪಕ್ಕದವನು ಸತ್ತಾಗ ಅವನ ಟ್ರಂಕನ್ನು ಊರಿಗೆ ಮುಟ್ಟಿಸಿದವರಾರು, ಆ ಮನೆಯ ಹೆಣ್ಣುಮಕ್ಕಳು ಏನು ಕೇಳಿದರು, ಇವು ವೇದಿಕೆಯಲ್ಲಿ ಬರುವುದಿಲ್ಲ. ಕೇಳಲು ಬಿಡುವು ಬೇಕು, ಒಂದಕ್ಕಿಂತ ಹೆಚ್ಚು ಸಲ ಹೋಗಬೇಕು, ಮನೆಯಾಕೆಯ ಜೊತೆಗೂ ಕೂರಬೇಕು. ಗಂಡ ಗಡಿಯಲ್ಲಿದ್ದ ವರ್ಷಗಳ ಲೆಕ್ಕ ಆಕೆಗೆ ಬಾಯಿಪಾಠ.

ನೆನಪನ್ನು ಪೂಜೆ ಮಾಡುವುದೂ ಅಪಾಯ. ನಲವತ್ತು ಸಲ ಹೇಳಿದ ಕಥೆ ನುಣುಪಾಗುತ್ತದೆ, ಸಿನಿಮಾದಲ್ಲಿ ನೋಡಿದ ದೃಶ್ಯ ಒಳಗೆ ನುಸುಳುತ್ತದೆ, ಬೇರೆಯವನ ಗುಂಡು ತನ್ನ ಬಂದೂಕಿನಿಂದ ಹೊರಡುತ್ತದೆ. ಇದು ಮೋಸವಲ್ಲ, ಮನಸ್ಸಿನ ರೀತಿ. ಅದಕ್ಕೇ ಪಲ್ಟನ್ನಿನ ದಿನಚರಿ ಪುಸ್ತಕ ತೆರೆಯಬೇಕು, ಎರಡನ್ನೂ ಪಕ್ಕದಲ್ಲಿಟ್ಟು ಓದಬೇಕು. ಕಡತವಿಲ್ಲದ ಬಾಯಿಮಾತು ಎಷ್ಟು ಕುಂಟೋ, ಬಾಯಿಮಾತಿಲ್ಲದ ಕಡತವೂ ಅಷ್ಟೇ ಕುಂಟು ಎಂಬುದಕ್ಕೆ ದೇವಯ್ಯನವರ ‘ಕಾಣೆ’ ಎಂಬ ನಮೂದೇ ಸಾಕ್ಷಿ.

ಕೆಲಸ ಶುರುಮಾಡಲು ದೊಡ್ಡ ಹಣವೇನೂ ಬೇಡ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗಳಲ್ಲಿ ನೋಂದಾಯಿಸಿದ ಮಾಜಿ ಸೈನಿಕರ ಹೆಸರು, ವಿಳಾಸಗಳಿವೆ. ವಿಶ್ವವಿದ್ಯಾಲಯಗಳಲ್ಲಿ ಇತಿಹಾಸ, ಜಾನಪದ ಓದುವ ಹುಡುಗ ಹುಡುಗಿಯರಿದ್ದಾರೆ, ಎಲ್ಲರ ಕಿಸೆಯಲ್ಲೂ ಧ್ವನಿ ಮುದ್ರಿಸುವ ಫೋನಿದೆ. ಈ ಮೂರನ್ನೂ ಯಾರಾದರೂ ಸೇರಿಸಬೇಕು, ಮುದ್ರಿಸಿದ್ದನ್ನು ಇಡಲು ಸಾರ್ವಜನಿಕ ಜಾಗ ಗೊತ್ತುಮಾಡಬೇಕು, ಅದನ್ನು ನೋಡಿಕೊಳ್ಳುವವನಿಗೆ ತಿಂಗಳ ಸಂಬಳ ಕೊಡಬೇಕು. 1962ರವರು ಎಂಬತ್ತು ದಾಟಿದ್ದಾರೆ, 1971ರ ಹುಡುಗರು ಎಪ್ಪತ್ತರ ಮೇಲಿದ್ದಾರೆ, ಅವರಿಂದ ಆರಂಭಿಸುವುದು ನ್ಯಾಯ. ಕಾರ್ಗಿಲ್‌ನವರು ಇನ್ನೂ ಗಟ್ಟಿಯಾಗಿದ್ದಾರೆ. ಬ್ಯಾಂಕಿನ ಬಾಗಿಲಲ್ಲಿ ಡಬಲ್ ಬ್ಯಾರೆಲ್ ಬಂದೂಕು ಹಿಡಿದು ಕೂತವರಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಮ್ಮ ಹೆಸರು ಬರೆದುಕೊಳ್ಳುವವರಲ್ಲಿ ಅಂಥವರು ಸಿಗುತ್ತಾರೆ. ಅವರ ಪಾಳಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಮೊದಲು ವಿಚಾರಿಸಿಕೊಂಡು ಹೋಗಬೇಕು, ಅಷ್ಟೇ.